ತೋಳಿನ ಬಿಲ್ಲೆ ಹೇಳುವುದೆಷ್ಟು?

ಕುವೈತಿನಲ್ಲಿ ಬಹುಕಾಲ ನೆಲೆಸಿದವರ ಮನೆಯ ಆಲ್ಬಂಗಳಲ್ಲಿ 1991ರ ಒಂದೆರಡು ಫೋಟೋ ಇರುವುದುಂಟು. ಎಣ್ಣೆಬಾವಿಗಳ ಹೊಗೆಗೆ ಕಪ್ಪಿಟ್ಟ ಆಕಾಶ, ರಸ್ತೆಯ ಬದಿಯಲ್ಲಿ ಟ್ಯಾಂಕು, ಅದಕ್ಕೊರಗಿ ನಿಂತ ಸೈನಿಕ. ಹಿಂಬದಿಯಲ್ಲಿ ‘ಅಮೆರಿಕನ್ ಸೋಲ್ಜರ್’ ಎಂದಷ್ಟೇ ಬರೆದಿರುತ್ತದೆ. ಸಚಿತ್ರ ಯುದ್ಧಪುಸ್ತಕಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇವನು ಇಂಥ ಡಿವಿಷನ್ನಿನವನು ಎಂದು ಅಡಿಬರಹ ಹಾಕುತ್ತವೆ. ಅದಕ್ಕೆ ಆಧಾರ, ಭುಜದ ಕೆಳಗೆ ತೋಳಿಗೆ ಹೊಲಿದ ಬಟ್ಟೆಯ ಬಿಲ್ಲೆ. ‘ಪ್ಯಾಚ್’ ಎಂದು ಎಲ್ಲರೂ ಕರೆಯುವುದು ಇದನ್ನೇ. ಅಂಗೈಯಗಲದ ಈ ಬಟ್ಟೆಯ ಮೇಲೆ ನಾವು ಕಟ್ಟುವ ಕಥೆಗಳು ದೊಡ್ಡವು. ಅವುಗಳಲ್ಲಿ ಎಷ್ಟು ನಿಲ್ಲುತ್ತವೆ ಎಂದು ನೋಡುವುದು ಈ ಬರಹದ ಉದ್ದೇಶ.

ಬಿಲ್ಲೆ ನಮಗೆ ಹೊಸದಲ್ಲ. ತಾಲ್ಲೂಕು ಕಚೇರಿಯ ಜವಾನನ ಡವಾಲಿಯ ಮೇಲೆ ಹಿತ್ತಾಳೆಯ ಬಿಲ್ಲೆ ಹೊಳೆಯುತ್ತಿದ್ದುದನ್ನು ಹಿರಿಯರು ಬಲ್ಲರು. ಅದು ಕಚೇರಿ ಯಾವುದೆಂದು ಹೇಳುತ್ತಿತ್ತು. ಜವಾನನ ಹೆಸರು, ಊರು, ಮನೆತನ ಕೇಳಿಯೇ ತಿಳಿಯಬೇಕಿತ್ತು. ಸೈನಿಕನ ಬಿಲ್ಲೆಯದೂ ಅದೇ ಗುಣ. ಅದು ಸಾವಿರಾರು ಜನರ ಒಂದು ತುಕಡಿಯನ್ನು ಗುರುತಿಸುತ್ತದೆ. ಅಷ್ಟನ್ನಾದರೂ ಸರಿಯಾಗಿ ಓದಬೇಕಾದರೆ ಕೆಲವು ರೂಢಿಗಳು ಗೊತ್ತಿರಬೇಕು.

ಮೊದಲನೆಯದು, ಯಾವ ತೋಳು ಎಂಬುದು. ಅಮೆರಿಕದ ಭೂಸೇನೆಯಲ್ಲಿ ಎಡತೋಳಿನ ಬಿಲ್ಲೆ ಸೈನಿಕ ಈಗ ಸೇವೆಯಲ್ಲಿರುವ ತುಕಡಿಯದು. ಬಲತೋಳಿನದು ಹಿಂದೊಂದು ಯುದ್ಧದಲ್ಲಿ ಅವನು ಯಾವ ತುಕಡಿಯೊಡನೆ ಇದ್ದನೋ ಅದರದು. 1991ರಲ್ಲಿ ಕೊಲ್ಲಿಗೆ ಬಂದ ಹಿರಿಯ ಸಾರ್ಜೆಂಟುಗಳಲ್ಲಿ, ಅಧಿಕಾರಿಗಳಲ್ಲಿ ಅನೇಕರು ವಿಯೆಟ್ನಾಂ ಕಂಡವರು. ಆದ್ದರಿಂದ ಬಲತೋಳಿನಲ್ಲಿ 101ನೇ ಏರ್‌ಬೋರ್ನ್ ಡಿವಿಷನ್ನಿನ ಹದ್ದಿನ ತಲೆ ಕಂಡ ಮಾತ್ರಕ್ಕೆ ‘ಕುವೈತನ್ನು ಬಿಡುಗಡೆ ಮಾಡಿದ 101ರ ಯೋಧ’ ಎಂದು ಬರೆಯುವುದು ಎರಡು ಬಗೆಯಲ್ಲಿ ದುಡುಕು. ಆ ಹದ್ದು ಇಪ್ಪತ್ತು ವರ್ಷ ಹಿಂದಿನ ಕಾಡಿನ ನೆನಪಾಗಿರಬಹುದು. ಮೇಲಾಗಿ, ಆ ಡಿವಿಷನ್ ನೆಲದ ಯುದ್ಧದ ದಿನಗಳಲ್ಲಿ ಇದ್ದದ್ದು ಕುವೈತಿನ ವಾಯವ್ಯಕ್ಕೆ ದೂರದಲ್ಲಿ, ಇರಾಕಿನೊಳಗೆ ಯೂಫ್ರಟೀಸ್ ಕಣಿವೆಯ ಕಡೆ. ಇನ್ನೊಂದು ತೊಡಕು: ಫೋಟೋ ತಿರುಗುಮುರುಗಾಗಿ ಅಚ್ಚಾದರೆ ಎಡ ಬಲವಾಗುತ್ತದೆ. ಎದೆಯ ಮೇಲಿನ ಹೆಸರಿನ ಪಟ್ಟಿಯೋ ವಾಹನದ ಅಂಕಿಯೋ ನೆಟ್ಟಗೆ ಓದಲು ಬರುತ್ತದೆಯೇ ಎಂದು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಎರಡನೆಯದು, ಯಾವ ಕಾಲ ಎಂಬುದು. ಕುವೈತಿನ ಮರಳಲ್ಲಿ ರಾತ್ರಿ ಕಾಣಿಸುವ, ಉದ್ದ ಹಿಂಗಾಲುಗಳಿಂದ ಕುಪ್ಪಳಿಸುವ ಪುಟ್ಟ ಪ್ರಾಣಿ ಜರ್ಬೋವ. 1940ರಲ್ಲಿ ಈಜಿಪ್ಟಿನಲ್ಲಿದ್ದ ಬ್ರಿಟಿಷ್ 7ನೇ ಆರ್ಮರ್ಡ್ ಡಿವಿಷನ್ ಇದನ್ನೇ ಲಾಂಛನ ಮಾಡಿಕೊಂಡಿತು. ‘ಡೆಸರ್ಟ್ ರ‍್ಯಾಟ್ಸ್’ ಎಂಬ ಹೆಸರು ಅಲ್ಲಿಂದ ಬಂತು. ಐವತ್ತು ವರ್ಷಗಳ ನಂತರ ಕುವೈತ್ ಯುದ್ಧಕ್ಕೆ ಬಂದ 7ನೇ ಆರ್ಮರ್ಡ್ ಬ್ರಿಗೇಡಿಗೂ ಅದೇ ಕೆಂಪು ಜರ್ಬೋವ. ಜೊತೆಗಿದ್ದ 4ನೇ ಬ್ರಿಗೇಡಿಗೆ ಕಪ್ಪು ಜರ್ಬೋವ. ಒಂದೇ ಪ್ರಾಣಿ, ಎರಡು ಯುದ್ಧ. ಹಿನ್ನೆಲೆಯಲ್ಲಿ ಮರಳೊಂದೇ ಕಂಡರೆ, ಬಿಲ್ಲೆಯಿಂದ ಕಾಲ ಹೇಳಲಾಗದು. ಟ್ಯಾಂಕು, ಬಂದೂಕು, ಸಮವಸ್ತ್ರದ ಬಣ್ಣ ಇವನ್ನೇ ಸಾಕ್ಷಿಗೆ ಕರೆಯಬೇಕು.

ಮೂರನೆಯದು ಬಣ್ಣ. ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲಂ ಕೆಂಪನ್ನು ಕಾಣಲಾರದು. ಅದರಲ್ಲಿ ಕೆಂಪು ಹೆಚ್ಚುಕಡಿಮೆ ಕಪ್ಪಾಗಿ, ನೀಲಿ ಬಿಳುಚಿಕೊಂಡು ಮೂಡುತ್ತದೆ. ಎರಡನೇ ಮಹಾಯುದ್ಧದ ಭಾರತೀಯ ಡಿವಿಷನ್‌ಗಳ ಮಟ್ಟಿಗೆ ಇದು ದೊಡ್ಡ ತೊಡಕು. 4ನೇ ಡಿವಿಷನ್ನಿನದು ಕಪ್ಪು ಚೌಕದಲ್ಲಿ ಕೆಂಪು ಹದ್ದು, 5ನೇ ಡಿವಿಷನ್ನಿನದು ಕಪ್ಪು ಚೌಕದಲ್ಲಿ ಕೆಂಪು ದುಂಡು. 1941ರಲ್ಲಿ ಎರಿಟ್ರಿಯದ ಕೆರೆನ್ ಕದನದಲ್ಲಿ ಎರಡೂ ಜೊತೆಯಾಗಿ ಹೋರಾಡಿದವು. ಮಸುಕಾದ ಕಪ್ಪುಬಿಳುಪು ಚಿತ್ರದಲ್ಲಿ ಹದ್ದೂ ದುಂಡೂ ಒಂದೇ ಕಪ್ಪು ಕಲೆ. ಅಲ್ಲಿ ‘ಹದ್ದು’ ಎಂದು ಕಾಣುವವನು ಕಣ್ಣಿಂದ ಕಂಡದ್ದಕ್ಕಿಂತ ಮನಸ್ಸಿನ ಆಸೆಯನ್ನೇ ಓದುತ್ತಿರುತ್ತಾನೆ.

ಆಸೆಯ ಮಾತು ಬಂದಾಗ ನಮ್ಮ ಮೈಸೂರಿನ ಕಡೆಗೂ ತಿರುಗಬೇಕು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದ ಕುದುರೆ ಪಡೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು ಎಂಬುದು ಕನ್ನಡಿಗರು ಹೆಮ್ಮೆಪಡುವ ಸಂಗತಿ. ಪರದೇಶದಲ್ಲಿರುವ ನಮಗೆ ಆ ಹೆಮ್ಮೆ ಇನ್ನಷ್ಟು ಬೇಕಾಗುತ್ತದೆ. ಈ ಪಶ್ಚಿಮ ಏಷ್ಯಾದ ನೆಲಕ್ಕೆ ನಮ್ಮವರು ದುಡಿಯಲು ಬರುವ ಮೊದಲೇ ಕುದುರೆಯೇರಿ ಬಂದಿದ್ದರು ಎನ್ನುವುದು ಹೇಳಿಕೊಳ್ಳಲು ಚೆನ್ನ. ಆದರೆ ಪ್ರತಿ ಸೆಪ್ಟೆಂಬರಿನಲ್ಲಿ ಕೈಯಿಂದ ಕೈಗೆ ದಾಟುವ ಚಿತ್ರಗಳನ್ನು ನೋಡಿ. ಪೇಟ, ಈಟಿ, ಕುದುರೆ ಇದ್ದರೆ ಸಾಕು, ‘ಹೈಫಾದಲ್ಲಿ ಮೈಸೂರಿನ ವೀರರು’ ಎಂಬ ಅಡಿಬರಹ ಬೀಳುತ್ತದೆ. ಆ ಬ್ರಿಗೇಡಿನಲ್ಲಿ ಜೋಧಪುರ, ಮೈಸೂರು, ಹೈದರಾಬಾದ್ ಮೂರೂ ಸಂಸ್ಥಾನಗಳ ಲ್ಯಾನ್ಸರ್ಸ್ ಇದ್ದರು. 1922ರಲ್ಲಿ ದೆಹಲಿಯಲ್ಲಿ ನಿಂತ ತೀನ್ ಮೂರ್ತಿ ಸ್ಮಾರಕದ ಮೂರು ಕಂಚಿನ ಪ್ರತಿಮೆಗಳು ಈ ಮೂವರವೇ. ಆದರೆ ಹೈಫಾದ ದಿನ ಪಟ್ಟಣಕ್ಕೆ ನುಗ್ಗಿದ ಮುಖ್ಯ ದಾಳಿ ಜೋಧಪುರದವರದು. ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ಮಡಿದರು. ಮೈಸೂರಿನವರು ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳನ್ನು ಹಿಡಿಯಲು ಹೋದರು. ಹೈದರಾಬಾದಿನವರು ಆ ಮುಖ್ಯ ದಾಳಿಯಲ್ಲಿ ಇರಲಿಲ್ಲ. ಮೂವರನ್ನೂ ಒಂದೇ ಸಾಹಸದ ಒಂದೇ ಚಿತ್ರಕ್ಕೆ ತುರುಕಿದರೆ, ಫಿರಂಗಿಗೆದುರಾಗಿ ಬೆಟ್ಟ ಹತ್ತಿದ ಮೈಸೂರಿನವರ ನಿಜವಾದ ಕೆಲಸವೇ ಮರೆಯಾಗುತ್ತದೆ.

ಹಾಗಾದರೆ ಲಾಂಛನ ನೋಡಿ ಹೇಳಬಹುದಲ್ಲ ಎನ್ನಬಹುದು. ಮೈಸೂರು ಸಂಸ್ಥಾನದ ಲಾಂಛನ ಎರಡು ತಲೆಯ ಗಂಡಭೇರುಂಡ. ಆದರೆ ಎರಡು ತಲೆಯ ಹಕ್ಕಿ ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯದ್ದೂ ಹೌದು. ಕಾರ್ಮೆಲ್ ಬೆಟ್ಟದ ಮೇಲೆ ತುರ್ಕರ ಪರವಾಗಿ ಇದ್ದ ಫಿರಂಗಿಗಳಲ್ಲಿ ಆಸ್ಟ್ರಿಯದವೂ ಇದ್ದವು. ಅಂದರೆ ಅಂದು ಬೆಟ್ಟದ ಕೆಳಗಿನವರಿಗೂ ಮೇಲಿನವರಿಗೂ ಎರಡು ತಲೆಯ ಹಕ್ಕಿಯೇ ರಾಜಲಾಂಛನ. ಹ್ಯಾಬ್ಸ್‌ಬರ್ಗ್ ಹದ್ದಿನ ಕಾಲಲ್ಲಿ ಕತ್ತಿಯೂ ಗೋಳವೂ ಇರುತ್ತವೆ, ತಲೆಯ ಮೇಲೆ ಕಿರೀಟ. ಇಷ್ಟು ವಿವರ ಕಾಣದಿದ್ದರೆ ‘ಎರಡು ತಲೆಯ ಹಕ್ಕಿ’ ಎಂದಷ್ಟೇ ಬರೆದು ನಿಲ್ಲಿಸುವುದು ಮರ್ಯಾದೆ.

ಇದೆಲ್ಲ ಕೂದಲು ಸೀಳುವ ಕೆಲಸವೆಂದು ಕಾಣಬಹುದು. ಆದರೆ ತಪ್ಪು ಅಡಿಬರಹ ಒಬ್ಬನ ಸಾವನ್ನು ಇನ್ನೊಬ್ಬನ ಲೆಕ್ಕಕ್ಕೆ ಬರೆಯುತ್ತದೆ. ಜೋಧಪುರದ ಮನೆಯೊಂದರ ಮುತ್ತಜ್ಜನನ್ನು ನಾವು ಮೈಸೂರಿನವನೆಂದು ಕರೆದರೆ ಅದು ಅಭಿಮಾನವಲ್ಲ, ಕಸಿದುಕೊಂಡದ್ದು. ಪುಸ್ತಕದ ವಿಮರ್ಶೆಯಲ್ಲಿ ಕೃತಿಯಲ್ಲಿ ಇಲ್ಲದ್ದನ್ನು ಹೊರಡಿಸುವವರನ್ನು ನಾವು ಒಪ್ಪುವುದಿಲ್ಲ. ಫೋಟೋಗೂ ಅದೇ ನ್ಯಾಯ ಸಲ್ಲಬೇಕು.

ಬಿಲ್ಲೆಯ ಓದಿಗೆ ಇನ್ನೊಂದು ಮಿತಿಯಿದೆ. ಅದು ಬಿಲ್ಲೆ ಇದ್ದವರನ್ನಷ್ಟೇ ಕಾಣುತ್ತದೆ. ಕುವೈತಿನ ಅಲ್ ಕುರೈನ್‌ನಲ್ಲಿ ಗುಂಡಿನೇಟಿಗೆ ಜರ್ಜರಿತವಾದ ಮನೆಯೊಂದನ್ನು ಹಾಗೆಯೇ ಉಳಿಸಿ ಹುತಾತ್ಮರ ಸಂಗ್ರಹಾಲಯ ಮಾಡಿದ್ದಾರೆ. 1991ರ ಫೆಬ್ರವರಿ 24ರಂದು ಅಲ್ಲಿ ಇರಾಕಿ ಸೈನ್ಯಕ್ಕೆ ಎದುರಾದವರು ಊರಿನ ಸಾಮಾನ್ಯರು. ಅವರದು ಯಾವ ಡಿವಿಷನ್ನೂ ಅಲ್ಲ. ಅದಕ್ಕೂ ಮೊದಲು, 1990ರ ಆಗಸ್ಟ್ 2ರ ಆಕ್ರಮಣದ ನಂತರ, ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಹೊರಟುಹೋದರು. ಅವರಲ್ಲಿ ಬಹಳ ಮಂದಿ ಅಮ್ಮಾನ್ ತಲುಪಿ ಏರ್ ಇಂಡಿಯಾ ವಿಮಾನ ಹತ್ತಿದರು. ಕನ್ನಡಿಗರೂ ಆ ಗುಂಪಿನಲ್ಲಿದ್ದರು. ಆ ದಿನಗಳ ಚಿತ್ರಗಳಲ್ಲಿ ಬಸ್ಸಿನ ಕಿಟಕಿಯಲ್ಲೋ ಗಂಟುಮೂಟೆಯ ಪಕ್ಕದಲ್ಲೋ ಕಾಣುವ ಮುಖಗಳಿಗೆ ಯಾವ ಸಂಕೇತಕೋಶವೂ ನೆರವಾಗದು. ಸೈನಿಕರ ಬಿಲ್ಲೆಗಳಿಗೆ ಪಟ್ಟಿಗಳಿವೆ, ಬಣ್ಣದ ಹಾಳೆಗಳಿವೆ. ಇವರಿಗಿರುವುದು ಗುರುತಿಸಬಲ್ಲವರ ನೆನಪು ಮಾತ್ರ, ಮತ್ತು ಆ ತಲೆಮಾರಿಗೆ ವಯಸ್ಸಾಗುತ್ತಿದೆ.

ಆದ್ದರಿಂದ ಮನೆಯಲ್ಲಿ ಅಂಥ ಫೋಟೋ ಇರುವವರಿಗೆ ನನ್ನ ಕೋರಿಕೆ ಇಷ್ಟು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೆಲ್ಲಗೆ ಬರೆಯಿರಿ: ಕಣ್ಣಿಗೆ ಕಂಡದ್ದು ಒಂದು ಸಾಲಿನಲ್ಲಿ, ಊಹಿಸಿದ್ದು ಇನ್ನೊಂದು ಸಾಲಿನಲ್ಲಿ. ‘ಎಡತೋಳು, ಕಪ್ಪು ಚೌಕ, ಒಳಗಿನದು ಅಸ್ಪಷ್ಟ’ ಎಂಬ ಬರಹ ‘ಕೆರೆನ್ ವೀರ’ ಎಂಬುದಕ್ಕಿಂತ ಬಡವಾಗಿ ಕಂಡರೂ ಮುಂದಿನವರಿಗೆ ಹೆಚ್ಚು ಉಪಕಾರಿ. ಸೈನಿಕನ ಪಕ್ಕದಲ್ಲಿ ನಿಂತ ನಿಮ್ಮ ಚಿಕ್ಕಪ್ಪನ ಹೆಸರನ್ನು, ಊರನ್ನು, ಅವರು ಯಾವ ಕೆಲಸದಲ್ಲಿದ್ದರೆಂಬುದನ್ನು ಮಾತ್ರ ಇಂದೇ ಪೂರ್ತಿಯಾಗಿ ಬರೆದಿಡಿ.