ಕಿವಿಗೊಟ್ಟು ನೋಡ್ರಿ

ಹುಣ್ಣಿಮೆ ದಿನ ಚೌಡಾಪುರ ಕ್ರಾಸಿನ ಚಹದಂಗಡಿಯಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಕೂಡ್ರಿ. ಗಾಣಗಾಪುರದ ದತ್ತನ ದರ್ಶನಕ್ಕೆ ಹೊರಟವರು ಇಲ್ಲಿ ಬಸ್ಸಿಳಿದು ತಿರುಗುತ್ತಾರೆ. ಸೊಲ್ಲಾಪುರದ ಕಡೆಯ ಮರಾಠಿ, ದಖನಿ ಉರ್ದು, ನಮ್ಮ 'ಹ್ಯಾಂಗಿದ್ದೀರಿ', ಕಂಡಕ್ಟರನ ಸೀಟಿ, ಎಲ್ಲ ಕಲೆತು ಬರುತ್ತವೆ. ಸ್ವಲ್ಪ ಹೊತ್ತಿಗೆ ಯಾವುದು ಹತ್ತಿರದ್ದು, ಯಾವುದು ದೂರದ್ದು, ಯಾರು ದಣಿದಿದ್ದಾರೆ ಎಂದು ಬೇರೆ ಮಾಡಿ ಹೇಳಲು ಬರುತ್ತದೆ. ಸಿನಿಮಾ ನೋಡುವುದನ್ನು ಕಲಿಸ್ರಿ ಎಂದು ಹುಡುಗರು ಬಂದರೆ ನಾನು ಮೊದಲು ಕೊಡುವ ಪಾಠ ಇದೇ. ಕಣ್ಣಿಗೆ ಯಾರೂ ಏನೂ ಕಲಿಸಬೇಕಿಲ್ಲ, ಅದು ಹುಟ್ಟಾ ಚಾಳಿ.

ನಾನೇ ಕಲಿತದ್ದು ತಡವಾಗಿ. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಪ್ರಶಸ್ತಿ ಚಿತ್ರ ಹಾಕುತ್ತಿದ್ದ ಕಾಲ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' ಬಂತು. 1977ರ ಸ್ವರ್ಣಕಮಲ ಅಂತ ಕೇಳಿ ಓಣಿಯ ಹತ್ತು ಮಂದಿ ಟಿವಿ ಮುಂದೆ ಕೂತೆವು. ಅರ್ಧ ತಾಸಿಗೆ ಎಂಟು ಮಂದಿ ಎದ್ದು ಹೋದರು. ಉಳಿದಿಬ್ಬರಲ್ಲಿ ಒಬ್ಬ ನಾನು, ನಿದ್ದೆ ಹೊಡೆಯುತ್ತಿದ್ದೆ. ವರ್ಷಗಳ ಮೇಲೆ ಮತ್ತೆ ನೋಡಿದಾಗ ನಾಚಿಕೆ ಆಯಿತು. ಅದು ಪಿಸುಮಾತಿನ ಸಿನಿಮಾ. ನಾಣಿ ಎಂಬ ಪೋರನಿಗೆ ದೊಡ್ಡವರ ಲೋಕ ಅರ್ಧ ಕಾಣುತ್ತದೆ, ಅರ್ಧ ಕೇಳುತ್ತದೆ. ಎಳೆಯ ವಿಧವೆ ಯಮುನಕ್ಕನಿಗೆ ಏನಾಗಿದೆ ಎಂಬುದು ಅವನಿಗೆ ತಿಳಿಯದು, ಅಗ್ರಹಾರ ಮಾತ್ರ ಗುಸುಗುಸು ಶುರು ಮಾಡಿರುತ್ತದೆ. ಆ ಗುಸುಗುಸು ಕೇಳದವನಿಗೆ ಅಲ್ಲಿ ಏನೂ ನಡೆಯುತ್ತಿಲ್ಲ ಅನ್ನಿಸುವುದು ಸಹಜ. ಚಿತ್ರವನ್ನು ಈಗ ಹೊಸದಾಗಿ ತೊಳೆದು ಎತ್ತಿದ್ದಾರೆ, 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ನಮ್ಮ ಓಣಿಗೆ ಎಂದು ಬರುತ್ತದೋ!

ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಸಿನಿಮಾ ಮುಗಿದ ಮೇಲೆ ಅದರಲ್ಲಿ ಕಥೆ ಬರೆಯುವುದಿಲ್ಲ, ಸ್ಟಾರು ಹಾಕುವುದಿಲ್ಲ. ಕೇಳಿದ್ದು ಒಂದು, ಕಂಡದ್ದು ಒಂದು, ಅಷ್ಟೇ. ಬಿ.ವಿ. ಕಾರಂತರ 'ಚೋಮನ ದುಡಿ'ಯ ಪುಟದಲ್ಲಿ ಹೀಗಿದೆ: 'ಸಿಟ್ಟಿಗೂ ದುಡಿ, ದುಃಖಕ್ಕೂ ದುಡಿ. ಎರಡೂ ಒಂದೇ ಹೊಡೆತವಾ? ಮತ್ತೆ ಕೇಳಬೇಕು.' ಮತ್ತೆ ಕೇಳಿದೆ, ಒಂದೇ ಅಲ್ಲ. ಚೋಮನಾದ ಎಂ.ವಿ. ವಾಸುದೇವರಾಯರಿಗೆ ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಯಾಕೆ ಎಂದು ನನಗೆ ಮನವರಿಕೆಯಾದದ್ದು ಅವರ ಮುಖದಿಂದಲ್ಲ, ಆ ಕೈಯಿಂದ.

ಪ್ರಶಸ್ತಿ ವಿಚಾರ ಬಂತಲ್ಲ, ನನ್ನ ತಕರಾರೂ ಕೇಳಿಬಿಡ್ರಿ. ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಕನ್ನಡಕ್ಕೆ ಆರು ಸಲ ಬಂದಿದೆ, ಅದರಲ್ಲಿ ನಾಲ್ಕು ಕಾಸರವಳ್ಳಿಯವರವು. ಕೊನೆಯದು 2001ರ 'ದ್ವೀಪ'. ನನಗೆ ಕೇಳಿದರೆ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚು ತೂಗುವುದು ಬಾನು ಮುಷ್ತಾಕರ ಕಥೆಯ 'ಹಸೀನಾ'. ತಾರಾ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಬಂತು, ಸರಿಯೇ ಆಯಿತು. ಇನ್ನು ರಾಜಕುಮಾರ್. ಅವರಿಗೆ ನಟನೆಗೆ ರಾಷ್ಟ್ರಪ್ರಶಸ್ತಿ ಬರಲೇ ಇಲ್ಲ, 'ಜೀವನ ಚೈತ್ರ'ದ ಹಾಡಿಗೆ ಬಂತು. ಅಭಿಮಾನಿಗಳಿಗೆ ಇಂದಿಗೂ ಸಂಕಟ. ನಾನು ಬೇರೆ ಹೇಳುತ್ತೇನೆ: ಅವರ ಅರ್ಧ ನಟನೆ ಕಂಠದಲ್ಲೇ ಇತ್ತು. 'ಕಸ್ತೂರಿ ನಿವಾಸ'ವನ್ನು ಒಮ್ಮೆ ಪರದೆಗೆ ಬೆನ್ನು ಹಾಕಿ ಕೇಳ್ರಿ. ತೀರ್ಪುಗಾರರು ಗೊತ್ತಿಲ್ಲದೆಯೇ ಸರಿಯಾದ ಜಾಗಕ್ಕೆ ಕೈ ಇಟ್ಟಿದ್ದಾರೆ.

ತೀರ್ಪುಗಾರರ ಕಿವಿಯೂ ಮೋಸ ಹೋಗುತ್ತದೆ. 2022ರಲ್ಲಿ ಘೋಷಣೆಯಾದ ರಾಷ್ಟ್ರಪ್ರಶಸ್ತಿಗಳಲ್ಲಿ, ಶೂಟಿಂಗ್ ಜಾಗದಲ್ಲೇ ಧ್ವನಿ ಹಿಡಿದದ್ದಕ್ಕೆ ಕೊಡುವ ಪ್ರಶಸ್ತಿ ನಮ್ಮ 'ಡೊಳ್ಳು' ಚಿತ್ರಕ್ಕೆ ಬಂತು. ಅದು ಡಬ್ ಮಾಡಿದ ಸಿನಿಮಾ ಎಂದು ಅದರ ಧ್ವನಿ ವಿನ್ಯಾಸಕರೇ ಹೇಳಿಬಿಟ್ಟರು. ಚಿತ್ರದ ತಪ್ಪು ಏನೂ ಇಲ್ಲ, ಡೊಳ್ಳಿನ ಗುಂಗು ಇನ್ನೂ ನನ್ನ ತಲೆಯಲ್ಲಿದೆ. ಆದರೆ ನೀವು ಇದನ್ನೇ ಒಂದು ಆಟ ಮಾಡಿಕೊಳ್ಳಬಹುದು. ಪಾತ್ರ ಬಾಗಿಲ ಕಡೆ ನಡೆದು ಹೋಗುವಾಗ ಮಾತು ತೆಳ್ಳಗಾಗುತ್ತದೆಯೇ? ಅಡುಗೆಮನೆಯಲ್ಲಿ ಆಡಿದ ಮಾತಿಗೂ ಹೊಲದಲ್ಲಿ ಆಡಿದ ಮಾತಿಗೂ ಗಾಳಿ ಬೇರೆ ಇದೆಯೇ? ಎಲ್ಲ ಕಡೆ ಧ್ವನಿ ಒಂದೇ ಅಳತೆಯಲ್ಲಿ, ಬಾಯಿಗೆ ಮೈಕು ಕಟ್ಟಿದ ಹಾಗೆ ಬಂದರೆ ಬಹುಮಟ್ಟಿಗೆ ಸ್ಟುಡಿಯೋದ್ದು. 'ತಿಥಿ' ನೋಡುತ್ತ ಈ ಆಟ ಆಡ್ರಿ. ಮಂಡ್ಯದ ಹಳ್ಳಿಯವರೇ ನಟಿಸಿದ ಚಿತ್ರ, 2015ರಲ್ಲಿ ಲೊಕಾರ್ನೊದಲ್ಲಿ ಗೆದ್ದು ಬಂತು. ಅವರ ಕನ್ನಡ ಮೊದಲ ಹತ್ತು ನಿಮಿಷ ನಮಗೆ ಎಡವುತ್ತದೆ. ಎಡವಲಿ.

ಇನ್ನು ನಮ್ಮ ಕಡೆಯ ಭಾಷೆ ಸಿನಿಮಾದವರಿಗೆ ಎಷ್ಟು ಕಾಲ ನಗೆಸಾಮಾನಾಗಿತ್ತು! ಸಿನಿಮಾದಲ್ಲಿ 'ಯಾಕಲೇ' ಎಂದವನು ಒಂದೋ ಆಳು, ಇಲ್ಲ ಕುಡುಕ. ಅದಕ್ಕೇ 'ನಾಗಮಂಡಲ' ನನಗೆ ಹಬ್ಬ. ಕಾರ್ನಾಡರ ನಾಟಕ, ನಾಗಾಭರಣರ ನಿರ್ದೇಶನ, ಗೋಪಾಲ ವಾಜಪೇಯಿಯವರ ಮಾತು. ಅಲ್ಲಿ ನಮ್ಮ ಕಡೆಯ ಕನ್ನಡ ಪ್ರೀತಿಯನ್ನೂ ಭಯವನ್ನೂ ಹೊರುತ್ತದೆ, ಯಾರೂ ನಗುವುದಿಲ್ಲ.

ಆದರೂ ಹೊಸಬರಿಗೆ ನಾನು ಮೊದಲು ಕೊಡುವುದು ಕನ್ನಡದ್ದಲ್ಲ, ಮರಾಠಿ 'ಫ್ಯಾಂಡ್ರಿ'. ಸೊಲ್ಲಾಪುರ ಜಿಲ್ಲೆಯ ನಾಗರಾಜ ಮಂಜುಳೆಯವರ ಮೊದಲ ದೊಡ್ಡ ಚಿತ್ರ, ಮೊದಲ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಪಡೆದದ್ದು. ಅಲ್ಲಿಯ ಜಾಲಿಗಿಡ, ಬಿಸಿಲು, ಧೂಳು ನಮ್ಮ ಭೀಮಾತೀರದವೇ, ಮರಾಠಿ ನಮ್ಮ ಕಿವಿಗೆ ಪರಕೀಯವೂ ಅಲ್ಲ. ಅದರಲ್ಲಿ ಜಬ್ಯಾ ಎಂಬ ಹುಡುಗನ ಮನೆಯವರೆಲ್ಲ ಊರ ಮುಂದೆ ಹಂದಿ ಬೆನ್ನಟ್ಟಿರುತ್ತಾರೆ. ಇನ್ನೇನು ಹಿಡಿಯಬೇಕು, ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಎಲ್ಲರೂ ಇದ್ದಲ್ಲೇ ನೆಟ್ಟಗೆ ನಿಲ್ಲುತ್ತಾರೆ. ಆ ದೃಶ್ಯದ ಅರ್ಥ ನಾನು ಯಾರಿಗೂ ಹೇಳಿಕೊಡುವುದಿಲ್ಲ. ಮೊಬೈಲಿನ ಸ್ಪೀಕರಿನಲ್ಲಿ ಬೇಡ, ಇಯರ್‌ಫೋನ್ ಹಾಕಿಕೊಂಡು ನೋಡ್ರಿ ಅನ್ನುತ್ತೇನೆ.

ಕ್ರಾಸಿನ ಅಂಗಡಿಯಲ್ಲಿ ಚಹ ಕೊಡುವ ಹುಡುಗನಿಗೂ ಹಾಗೇ ಹೇಳಿದ್ದೆ. ಒಂದು ವಾರ ಬಿಟ್ಟು ಹೋದರೆ ಗ್ಲಾಸು ಇಡುತ್ತ ಮೆಲ್ಲಗೆ ಹೇಳಿದ: "ಆ ಹಾಡು ಬಂದಾಗ ನಾನೂ ಎದ್ದು ನಿಂತೆನ್ರಿ. ಮೊಬೈಲ್ ಕೈಯಾಗ ಇತ್ತು. ಆಮ್ಯಾಗ ಕೂಡಬೇಕೋ ಬ್ಯಾಡೋ ತಿಳೀಲಿಲ್ಲರಿ."