ನೀರಿಗೆ ದಾರಿ ಬಿಡದ ರಸ್ತೆಗಳು

ಆಟಿಯ ಮಳೆಗೆ ಮಾಣಿ–ಮೈಸೂರು ಹೆದ್ದಾರಿಯಲ್ಲೋ ಶಿರಾಡಿಯಲ್ಲೋ ಧರೆ ಜರಿದರೆ ‘ಭಾರಿ ಮಳೆಗೆ ಗುಡ್ಡ ಕುಸಿತ’ ಎಂದು ಸುದ್ದಿಯಾಗುತ್ತದೆ. ಜೆಸಿಬಿ ಮಣ್ಣು ತೆಗೆಯುತ್ತದೆ, ಬಸ್ಸು ಓಡುತ್ತದೆ, ವಿಷಯ ಮುಗಿಯುತ್ತದೆ. ಆದರೆ ಪುತ್ತೂರು, ಸುಳ್ಯ, ಕಡಬಕ್ಕೆ ಮಳೆ ಹೊಸತೇ? ವರ್ಷಕ್ಕೆ ಸುಮಾರು 4,000 ಮಿ.ಮೀ. ಸುರಿಯುವ ಜಿಲ್ಲೆಯಿದು. ಅದು ಗೊತ್ತಿದ್ದೂ ಗುಡ್ಡವನ್ನು ಗೋಡೆಯಂತೆ ನೇರ ಕಡಿಯುವ ಪದ್ಧತಿಯನ್ನೇ ನಾವು ಪ್ರಶ್ನಿಸಬೇಕು.

ಕಡಿದ ಬರೆಯನ್ನು ಹತ್ತಿರದಿಂದ ನೋಡಿ. ಮೇಲೆ ಗಟ್ಟಿ ಮುರಕಲ್ಲು. ಅದರಡಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಮುರಕಲ್ಲಿನ ತೂತುಗಳಲ್ಲಿ ಇಳಿದ ನೀರು ಶೇಡಿಯ ಮೇಲೆ ತಂಗುತ್ತದೆ. ಒಣಗಿದಾಗ ಬಿಗಿಯಾಗಿರುವ ಈ ಮಣ್ಣು ನೀರು ಕುಡಿದರೆ ಸಡಿಲಗೊಳ್ಳುತ್ತದೆ. ಬುಡ ಸೋತ ಮೇಲೆ ಮುರಕಲ್ಲು ತನ್ನ ಭಾರಕ್ಕೇ ಕುಸಿಯುತ್ತದೆ. ಬೇಸಿಗೆಯಲ್ಲಿ ಕಡಿದ ಬರೆ ನೆಟ್ಟಗೆ ನಿಂತಿತೆಂದು ಮಳೆಗಾಲಕ್ಕೂ ನಂಬುವಂತಿಲ್ಲ.

ಪರಿಹಾರ ಎಂಜಿನಿಯರುಗಳಿಗೆ ಗೊತ್ತಿರುವುದೇ. ಬರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ನೆತ್ತಿಯಲ್ಲೇ ನೀರು ಹಿಡಿದು ತೋಡಿಗೆ ತಿರುಗಿಸುವ ಚರಂಡಿ ಬೇಕು. ಒಳನೀರು ಹೊರಬರಲು ಕೊಳವೆ, ಮೇಲ್ಮಣ್ಣು ಹಿಡಿಯಲು ಲಾವಂಚದಂಥ ಹುಲ್ಲು ಬೇಕು. ಇದಕ್ಕೆಲ್ಲ ರಸ್ತೆಯ ಆಚೆಗೂ ಜಾಗ ಬೇಕು. ಭೂಸ್ವಾಧೀನದಲ್ಲಿ ಉಳಿತಾಯ ಮಾಡಿದಷ್ಟೂ ಬರೆ ಕಡಿದಾಗುತ್ತದೆ. ಕೊನೆಗೆ ಬುಡಕ್ಕೊಂದು ತಡೆಗೋಡೆ, ಮೇಲೊಂದು ಟಾರ್ಪಾಲು. ನೀರು ಹೊರಹೋಗದ ಗೋಡೆ ಹಿಂದಿನ ಒತ್ತಡಕ್ಕೆ ತಾನೇ ವಾಲುತ್ತದೆ. ಜರಿದ ಮಣ್ಣನ್ನು ಬುಡದಿಂದ ಬಾಚಿದಾಗ ಮೇಲಿನ ಗುಡ್ಡದ ಆಸರೆಯೂ ಹೋಗುತ್ತದೆ.

ಎಲ್ಲ ಕುಸಿತಕ್ಕೂ ರಸ್ತೆಯೇ ಕಾರಣ ಎನ್ನುವುದು ನ್ಯಾಯವಲ್ಲ. 2018ರ ಆಗಸ್ಟ್‌ನಲ್ಲಿ ಸಂಪಾಜೆಯಿಂದಾಚೆ ಜೋಡುಪಾಲ, ಮೊಣ್ಣಂಗೇರಿಯಲ್ಲಿ ಬೆಟ್ಟಗಳೇ ಕಳಚಿ ಬಂದವು. ಆದರೆ 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಜೀವಗಳನ್ನು ಬಲಿ ಪಡೆಯಿತು. ಅದೇ ತಿಂಗಳು ಶಿರಾಡಿ ಘಾಟಿಯ ದೊಡ್ಡತಪ್ಲುವಿನಲ್ಲೂ ಮಣ್ಣು ರಸ್ತೆಗಿಳಿಯಿತು. ಇಂಥ ಕಡೆ ಮಳೆ ನೆಪ, ದೋಷ ಕಡಿತದ್ದು.

ಇಲ್ಲಿನ ಅಡಿಕೆ ಕೃಷಿಕರು ಮಳೆಗೆ ಮುನ್ನ ತೋಟದ ಕಣಿ ಬಿಡಿಸುತ್ತಾರೆ. ನೀರು ನಿಂತರೆ ಬೇರು ಕೊಳೆಯುತ್ತದೆಂದು ಅವರಿಗೆ ಗೊತ್ತು. ಕೋಟಿಗಟ್ಟಲೆ ಹಣದ ಹೆದ್ದಾರಿಗೆ ಅಷ್ಟೂ ಎಚ್ಚರ ಬೇಡವೇ? ಮಣ್ಣು ತೆರವಿನ ಬಿಲ್ಲನ್ನು ಪ್ರತಿ ವರ್ಷ ಪಾವತಿಸುವುದಕ್ಕಿಂತ ಒಮ್ಮೆ ಜಾಗ ಕೊಂಡು ಇಳಿಜಾರು ತಗ್ಗಿಸುವುದೇ ಲೇಸು. ರಸ್ತೆಯ ಅಗಲದೊಂದಿಗೆ ಬರೆಯ ಅಗಲವನ್ನೂ ಚರಂಡಿಯನ್ನೂ ತೋರಿಸದ ನಕ್ಷೆಗೆ ಇನ್ನು ಮಂಜೂರಾತಿ ಕೊಡಬಾರದು.