ಗಾರ್ ಮೀನಿನ ಮೊದಲ ವಾರಗಳು

ಕಳೆದ ವಾರ ಸೂಚಿಸಿದ್ದಂತೆ ಈ ವಾರದ ಅಂಕಣ ಉಷ್ಣವಲಯದ ಗಾರ್ ಮೀನಿನ ಮರಿಗಳ ಆಹಾರಕ್ರಮಕ್ಕೆ ಮೀಸಲು. 1863ರಲ್ಲಿ ಥಿಯೋಡೋರ್ ಗಿಲ್ ಅಟ್ರಾಕ್ಟೋಸ್ಟಿಯಸ್ ಟ್ರಾಪಿಕಸ್ ಎಂದು ಹೆಸರಿಸಿದ ಈ ಮೀನು ಇಂದು ಬದುಕಿರುವ ಏಳು ಗಾರ್ ಪ್ರಭೇದಗಳಲ್ಲಿ ಒಂದಾಗಿದ್ದು, ದಕ್ಷಿಣ ಮೆಕ್ಸಿಕೋದಿಂದ ಕೋಸ್ಟರಿಕಾದವರೆಗಿನ ನದಿ, ಕೆರೆ ಮತ್ತು ಜೌಗುಗಳಲ್ಲಿ ನೆಲೆಸಿದೆ. ಗ್ರಿಹಾಲ್ವ ಮತ್ತು ಉಸುಮಸಿಂಟಾ ನದಿಗಳ ನೆರೆಬಯಲಾದ ಟಬಾಸ್ಕೋ ರಾಜ್ಯದ ಜನ ಇದನ್ನು ಪೆಹೆಲಗಾರ್ತೊ ಎಂದು ಕರೆಯುತ್ತಾರೆ, ಇಡಿಯಾಗಿ ಕೋಲಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟು ತಿನ್ನುತ್ತಾರೆ.

ಮಳೆಗಾಲದಲ್ಲಿ ನದಿ ಉಕ್ಕಿ ಹುಲ್ಲುಗಾವಲುಗಳ ಮೇಲೆ ನೀರು ನಿಂತಾಗ ಈ ಮೀನುಗಳು ತೆಳುನೀರಿಗೆ ಬಂದು ಮೊಟ್ಟೆಯಿಡುತ್ತವೆ. ಮನುಷ್ಯರಿಗೆ ವಿಷಕಾರಿಯಾದ ಈ ಅಂಟುಮೊಟ್ಟೆಗಳು ಮುಳುಗಿದ ಹುಲ್ಲಿಗೆ ಹಿಡಿದುಕೊಂಡು, ಆ ನೀರಿನ ಬಿಸುಪಿನಲ್ಲಿ ಕೆಲವೇ ದಿನಗಳಲ್ಲಿ ಒಡೆಯುತ್ತವೆ. ಹೊರಬಂದ ಮರಿಗೆ ತೆರೆದ ಬಾಯಿಯಾಗಲಿ ಉದ್ದನೆಯ ಮೂತಿಯಾಗಲಿ ಇರುವುದಿಲ್ಲ. ಅದಕ್ಕಿರುವುದು ತಲೆಯ ತುದಿಯಲ್ಲಿ ಒಂದು ಅಂಟುಬಿಲ್ಲೆ, ಹೊಟ್ಟೆಯ ಕೆಳಗೆ ಹಳದಿಯ ಚೀಲ. ಆ ಬಿಲ್ಲೆಯಿಂದ ಎಲೆಗೋ ಕಡ್ಡಿಗೋ ಅಂಟಿ ನೇತಾಡುತ್ತ ಚೀಲದ ದಾಸ್ತಾನನ್ನು ಕರಗಿಸಿಕೊಳ್ಳುವ ಮರಿ, ಅದು ಮುಗಿಯುತ್ತಿದ್ದಂತೆ ಬಿಲ್ಲೆಯನ್ನೂ ಕಳೆದುಕೊಳ್ಳುತ್ತದೆ, ದವಡೆಗಳು ಮುಂದಕ್ಕೆ ಚಾಚತೊಡಗುತ್ತವೆ, ಮರಿ ಬೇಟೆಗಿಳಿಯುತ್ತದೆ. ಸಾಕಣೆದಾರರ ಕಷ್ಟ ಶುರುವಾಗುವುದು ಇಲ್ಲೇ. ಹೊಸದಾಗಿ ಮರಿಯಾದ ಆರ್ಟೀಮಿಯಾವನ್ನು ಹೊತ್ತುಹೊತ್ತಿಗೆ ಕೊಡದಿದ್ದರೆ, ಅಥವಾ ದೊಡ್ಡವನ್ನು ಸಣ್ಣವುಗಳಿಂದ ಬೇರ್ಪಡಿಸದಿದ್ದರೆ, ಮರಿಗಳು ಒಡಹುಟ್ಟಿದವುಗಳನ್ನೇ ಹಿಡಿದು ನುಂಗುತ್ತವೆ. ಜೀರ್ಣರಸಗಳ ತಯಾರಿಕೆ ಯಾವ ದಿನದಲ್ಲಿ ಎಲ್ಲಿಗೆ ಬಂದಿರುತ್ತದೆ ಎಂಬುದನ್ನು ಟಬಾಸ್ಕೋದ ಹುವಾರೆಸ್ ಸ್ವಾಯತ್ತ ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ಮಾಡಿರುವುದು ಈ ಹಸಿವಿಗೆ ಸರಿಯಾದ ಕೃತಕ ಆಹಾರವನ್ನು ಹೊಂದಿಸುವುದಕ್ಕಾಗಿಯೇ.

ಆಹಾರದ ಮಾತು ಇಷ್ಟು ಸಾಕು. ಅದಕ್ಕಿಂತ ರುಚಿಕರವಾದದ್ದು ಈ ಬಾಲ್ಯವನ್ನು ಮೊದಲು ಕಂಡವರ ಕಥೆ. ನ್ಯೂಯಾರ್ಕ್ ರಾಜ್ಯದ ಬ್ಲ್ಯಾಕ್ ಲೇಕ್‌ನಿಂದ ತರಿಸಿದ ಉತ್ತರದ ಗಾರ್‌ನ ಮೊಟ್ಟೆಗಳನ್ನು ಬೆಳೆಸಿ 1878ರಲ್ಲಿ ವರದಿ ಬರೆದವನು ಅಲೆಕ್ಸಾಂಡರ್ ಅಗಾಸಿಜ್. ಅವನು ಒದಗಿಸಿದ ಮಾದರಿಗಳನ್ನಿಟ್ಟುಕೊಂಡು ಫ್ರಾನ್ಸಿಸ್ ಬಾಲ್ಫರ್ ಮತ್ತು ಡಬ್ಲ್ಯೂ. ಎನ್. ಪಾರ್ಕರ್ 1882ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧವನ್ನು ಮೀರಿಸಿದ ಬರವಣಿಗೆ ಈ ವಿಷಯದಲ್ಲಿ ಇಂದಿಗೂ ವಿರಳ. ಬೆನ್ನುಹುರಿಯ ಮೂಲವು ಕಪ್ಪೆಯಲ್ಲಿರುವಂತೆ ತೆರೆದ ಕಾಲುವೆಯಾಗಿ ಮಡಚಿಕೊಳ್ಳದೆ, ಸಾಮಾನ್ಯ ಎಲುಬುಮೀನುಗಳಲ್ಲಿರುವಂತೆ ಗಟ್ಟಿಯಾದ ಏಣಾಗಿಯೇ ರೂಪುಗೊಳ್ಳುವುದನ್ನು ಅವರು ಕಂಡರು; ಅದೇ ಮರಿಯ ಇತರ ಲಕ್ಷಣಗಳಲ್ಲಿ ಸ್ಟರ್ಜನ್ ಮೀನಿನ ಹೋಲಿಕೆಯನ್ನೂ ಗುರುತಿಸಿದರು. ಒಂದೇ ಭ್ರೂಣದಲ್ಲಿ ಎರಡು ಕಡೆಯ ನೆಂಟಸ್ತಿಕೆಯನ್ನು ಓದಿದ ಬಾಲ್ಫರ್, ಅದೇ ವರ್ಷ ಆಲ್ಪ್ಸ್ ಪರ್ವತದಲ್ಲಿ ಜಾರಿಬಿದ್ದು ಮೂವತ್ತರ ಹರೆಯದಲ್ಲೇ ತೀರಿಕೊಂಡನು.

ಇಂಥ ಕೆಲಸ ನಡೆದು ಶತಮಾನ ಕಳೆದರೂ ಗಾರ್ ಕಂಡೊಡನೆ 'ಜೀವಂತ ಪಳೆಯುಳಿಕೆ' ಎಂಬ ಚೀಟಿ ಅಂಟಿಸಿ ಮುಂದೆ ಹೋಗುವ ಪಂಥ ಇನ್ನೂ ಮುಗಿದಿಲ್ಲ. ಆ ಮಾತನ್ನು 1859ರಲ್ಲಿ ಚಲಾವಣೆಗೆ ತಂದ ಡಾರ್ವಿನ್ ಕೂಡ ಸಿಹಿನೀರಿನಲ್ಲಿ ಪೈಪೋಟಿ ಕಡಿಮೆಯಿದ್ದುದರಿಂದ ಹಳೆಯ ಕುಲಗಳು ಉಳಿದವು ಎಂದು ವಿವರಿಸಲು ಹೊರಟಿದ್ದನೇ ಹೊರತು, ಅವು ಬದಲಾಗದೆ ನಿಂತುಬಿಟ್ಟವು ಎಂದು ಸಾರಲಿಲ್ಲ. ಚೀಟಿಯಲ್ಲಿ ಸತ್ಯಾಂಶವಿಲ್ಲವೆಂದಲ್ಲ. ದವಡೆಯುಳ್ಳ ಕಶೇರುಕಗಳಲ್ಲಿ ಗಾರ್‌ಗಳ ಡಿಎನ್‌ಎ ಬದಲಾಗುವ ವೇಗವೇ ಅತ್ಯಂತ ನಿಧಾನವೆಂದು 2024ರ ಅಧ್ಯಯನವೊಂದು ತೋರಿಸಿದೆ. ಕನಿಷ್ಠ ಹತ್ತು ಕೋಟಿ ವರ್ಷಗಳ ಹಿಂದೆ ಕವಲೊಡೆದ ಎರಡು ಕುಲಗಳ ಗಾರ್‌ಗಳು ಟೆಕ್ಸಾಸ್‌ನ ನದಿಗಳಲ್ಲಿ ಇಂದಿಗೂ ಕೂಡಿ, ಸಂತಾನಶಕ್ತಿಯುಳ್ಳ ಮಿಶ್ರತಳಿಯನ್ನು ಹುಟ್ಟಿಸುತ್ತವೆ. ಆದರೆ ನಿಧಾನವೆಂದರೆ ನಿಶ್ಚಲವಲ್ಲ, ಮತ್ತು ಚೀಟಿ ಓದಿ ತೃಪ್ತರಾದವರು ಮೀನನ್ನು ನೋಡುವುದಿಲ್ಲ.

ನೋಡಬೇಕಾದದ್ದು ಹುರುಪೆಯನ್ನು. ವಜ್ರಾಕೃತಿಯ, ಒಂದಕ್ಕೊಂದು ಕೀಲುಹಾಕಿದಂತೆ ಕೂಡಿಕೊಳ್ಳುವ ಈ ಹುರುಪೆಗಳ ಮೇಲೆ ಗ್ಯಾನೊಯಿನ್ ಎಂಬ ಹೊಳಪಿನ ಗಟ್ಟಿ ಪದರವಿರುತ್ತದೆ. ಮೀನುಗಳನ್ನು ಹುರುಪೆಯ ಆಧಾರದ ಮೇಲೆ ವಿಂಗಡಿಸಿದ ಲೂಯಿ ಅಗಾಸಿಜ್, ಅಂದರೆ ಅಲೆಕ್ಸಾಂಡರನ ತಂದೆ, ಇದನ್ನೇ ಒಂದು ವರ್ಗದ ಗುರುತಾಗಿ ಹಿಡಿದಿದ್ದನು. ಚುಕ್ಕೆ ಗಾರ್‌ನ ಚರ್ಮದಲ್ಲಿ, ಮನುಷ್ಯನ ಹಲ್ಲಿನ ಎನಾಮಲ್ ಕಟ್ಟುವ ಪ್ರೋಟೀನುಗಳಿಗೆ ಸಂಬಂಧಿಸಿದ ಜೀನುಗಳು ಕೆಲಸ ಮಾಡುತ್ತವೆಂದು 2015ರಲ್ಲಿ ತಿಳಿಯಿತು. ಪಳೆಯುಳಿಕೆಗಳ ಸಾಕ್ಷ್ಯವನ್ನೂ ಜೊತೆಗಿಟ್ಟು ನೋಡಿದ ಆ ಸಂಶೋಧಕರು, ಎನಾಮಲ್ ಮೊದಲು ಚರ್ಮದ ಹುರುಪೆಗಳಲ್ಲಿ ಹುಟ್ಟಿ ಆಮೇಲೆ ಹಲ್ಲಿಗೆ ಬಂದಿತೆಂಬ ತೀರ್ಮಾನಕ್ಕೆ ಬಂದರು. ಮರುವರ್ಷ ಪ್ರಕಟವಾದ ಅದೇ ಪ್ರಭೇದದ ಜೀನೋಮ್ ಇನ್ನೊಂದು ಬಾಗಿಲು ತೆರೆಯಿತು: ಜೀಬ್ರಾಮೀನಿನಂಥ ಆಧುನಿಕ ಎಲುಬುಮೀನುಗಳ ಪೂರ್ವಜರಲ್ಲಿ ಇಡೀ ಜೀನೋಮ್ ಇಮ್ಮಡಿಯಾಗುವ ಮೊದಲೇ ಗಾರ್‌ಗಳ ಕವಲು ಬೇರೆಯಾಗಿದ್ದುದರಿಂದ, ಜೀಬ್ರಾಮೀನಿನ ಜೀನುಗಳನ್ನು ಮನುಷ್ಯನ ಜೀನುಗಳೊಂದಿಗೆ ನೇರವಾಗಿ ಹೋಲಿಸಿದಾಗ ಕಾಣದ ಸಂಬಂಧಗಳು ಗಾರ್ ಮೂಲಕ ಕಾಣಿಸಿದವು.

ಮರಿಯ ಬಾಲದ ವಿಷಯ ಉಳಿದಿದೆ. ಬೆನ್ನೆಲುಬಿನ ತುದಿಯು ಬಾಲದ ರೆಕ್ಕೆಯ ಮೇಲುಭಾಗದಲ್ಲಿ ತೆಳ್ಳನೆಯ ಎಳೆಯಾಗಿ ಮುಂದುವರಿದು, ಬಿಡುವಿಲ್ಲದೆ ಅದುರುತ್ತಿರುತ್ತದೆ. ಅದರ ಬಲದಿಂದ ಒಣಕಡ್ಡಿಯಂತೆ ಕಾಣುವ ಮರಿ ಮೈ ಅಲುಗಿಸದೆಯೇ ಬೇಟೆಯ ಸಮೀಪಕ್ಕೆ ತೇಲುತ್ತದೆ. ಬೆಳೆಯುತ್ತ ಹೋದಂತೆ ಎಳೆ ಮೈಯೊಳಗೆ ಕರಗಿಹೋಗುತ್ತದೆ. ಅಕ್ವೇರಿಯಂ ಅಂಗಡಿಗಳು ಗಿರಾಕಿಯ ಮುಂದಿಡುವುದು ಎಳೆವಯಸ್ಸಿನ ಈ ಚೆಲುವನ್ನೇ, ಮತ್ತು ಇದು ಎರಡಡಿಯ ತೊಟ್ಟಿಯಲ್ಲಿ ಚೆನ್ನಾಗಿರುತ್ತದೆಂದು ಹೇಳುವ ವ್ಯಾಪಾರಿ ಒಂದೋ ಅಜ್ಞಾನಿ, ಇಲ್ಲವೇ ಸುಳ್ಳುಗಾರ. ಉಷ್ಣವಲಯದ ಗಾರ್ ಒಂದು ಮೀಟರನ್ನೂ ಮೀರಿ ಬೆಳೆಯಬಲ್ಲದು, ಅಲಿಗೇಟರ್ ಗಾರ್ ಅದರ ಎರಡರಷ್ಟಕ್ಕೂ ಹೆಚ್ಚು. ಗಾಳಿಚೀಲವನ್ನೇ ಶ್ವಾಸಕೋಶವಾಗಿ ಬಳಸಿ ನೀರಿನ ಮೇಲೆ ಬಂದು ಉಸಿರಾಡುವ ಈ ಮೀನುಗಳಿಗೆ ಆಮ್ಲಜನಕ ಕಡಿಮೆಯಾದ ಕೆರೆಯೂ ವಾಸಯೋಗ್ಯ. 2018ರ ನೆರೆಯ ನಂತರ ಕೇರಳದ ನೀರಿನಲ್ಲಿ, 2023ರ ಮೇ ತಿಂಗಳಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಲಿಗೇಟರ್ ಗಾರ್ ಸಿಕ್ಕಿದೆ. ಈಗಾಗಲೇ ಗಾರ್ ಮರಿಯನ್ನು ಮನೆಗೆ ತಂದಿರುವ ಓದುಗರು ತೊಟ್ಟಿ ಸಾಲದಾದಾಗ ಅದನ್ನು ದೊಡ್ಡ ಕೊಳವುಳ್ಳ ಸಾಕಣೆದಾರರಿಗೆ ಒಪ್ಪಿಸಬೇಕು. ಯಾವ ಕಾರಣಕ್ಕೂ ಊರಿನ ಕೆರೆಗೆ ಬಿಡಬಾರದು.